ನಾಲ್ಕನೇ ಜ್ವರ

ಭೌತಶಾಸ್ತ್ರಕ್ಕೆ ಇನ್ನು ಆರು ದಿನ.
ನಮ್ಮಲ್ಲಿ ಓದೋ ಮೇಜಿಲ್ಲ,
ಹುಳುಮನೆಯ ಬಾಗಿಲ ಪಕ್ಕ
ಸೊಪ್ಪಿನ ಚೀಲಕ್ಕೆ ಒರಗಿಕೊಂಡು
ಮಸೂರಗಳ ಅಧ್ಯಾಯ ಮೂರನೇ ಸಲ ತೆಗೆದಿದ್ದೇನೆ.
ಕಿರಣ ಒಳಗೆ ಹೋಗುತ್ತದೆ, ಬಾಗುತ್ತದೆ,
ನನ್ನ ತಲೆಯಿಂದ ಮಾತ್ರ
ಯಾವ ಕಡೆಗೂ ಹೊರಗೆ ಬರುವುದಿಲ್ಲ.

ಹೋದ ತಿಂಗಳು ಶಿಡ್ಲಘಟ್ಟದ ಕಾಲೇಜಿನಲ್ಲಿ
ವೆಂಕಟರವಣಪ್ಪ ಸರ್ ಒಂದು ಹಾಳೆ ಹಂಚಿದ್ದರು:
‘ಪರೀಕ್ಷೆಯ ಒತ್ತಡಕ್ಕೆ ಸರಳ ಉಪಾಯಗಳು.’
ದೀರ್ಘವಾಗಿ ಉಸಿರಾಡಿ, ಅಂತ ಮೊದಲನೆಯದು.
ಆಡಿದೆ.
ಹಸಿ ಸೊಪ್ಪು, ಬ್ಲೀಚಿಂಗ್ ಪೌಡರು, ಹಿಕ್ಕೆಯ ಘಾಟು.
ಹಿತವಾದ ಸಂಗೀತ ಕೇಳಿ, ನಾಲ್ಕನೆಯದೋ ಐದನೆಯದೋ.
ಮಿಕ್ಕಿದ್ದು ಓದಲಾಗಲಿಲ್ಲ,
ಅಮ್ಮ ಹಾಳೆಯನ್ನು ಮರಿಹುಳದ ತಟ್ಟೆಗೆ ಹಾಸಿಬಿಟ್ಟಿದ್ದಳು.
‘ಒತ್ತಡ’ದ ಒತ್ತಕ್ಷರದ ಮೇಲೆ
ಇರುವೆಗಿಂತ ಸಣ್ಣದೊಂದು ಮರಿ
ತಲೆ ಎತ್ತಿ ಸುತ್ತಲೂ ನೋಡುತ್ತಿತ್ತು.

ಮುಬೀನಾಗೆ ಹಾಳೆ ಬೇಕಿಲ್ಲ.
ಅವರದು ರೀಲಿಂಗ್, ನಮ್ಮದು ಹುಳ,
ಒಂದೇ ಎಳೆಯ ಎರಡು ತುದಿ ನಾವು ಅಂತ ಅವಳ ಜೋಕು.
ತಲೆ ಕಾದರೆ ಮಹಡಿ ಹತ್ತಿ
ಪಕ್ಕದ ಬೀದಿಯ ಪಾರಿವಾಳ ಎಣಿಸುತ್ತಾಳೆ,
ತಪ್ಪಿದರೆ ಮತ್ತೆ ಒಂದರಿಂದ.
ತಪ್ಪಲೇಬೇಕು ಕಣೇ, ಅಂತಾಳೆ,
ಇದಕ್ಕೆ ಯಾರೂ ಮಾರ್ಕ್ಸ್ ಕತ್ತರಿಸಲ್ಲ.
ಮೊನ್ನೆ ನೋಟ್ಸ್ ಕೊಡೋಕೆ ಬಂದವಳನ್ನು
ಅಮ್ಮ ಹೊಸಿಲಲ್ಲೇ ತಡೆದಳು,
ಪೌಡರು ಹಚ್ಚಿದೀಯಲ್ಲ, ಹುಳಕ್ಕೆ ಆಗಲ್ಲಮ್ಮ.
ಅವಳು ನಕ್ಕು, ಬೋರಿನ ತೊಟ್ಟಿಯಲ್ಲಿ ಮುಖ ತೊಳೆದು,
ಒಳಗೂ ಬರದೆ ಮನೆಗೂ ಹೋಗದೆ
ತೊಟ್ಟಿಯ ಕಟ್ಟೆ ಮೇಲೆ ಕೂತಳು.
ನಾನೂ ಕಾಲು ಇಳಿಬಿಟ್ಟೆ.
ಏನು ಮಾತಾಡಿದೆವೋ ಒಂದೂ ನೆನಪಿಲ್ಲ.
ನೀರು ತಣ್ಣಗಿತ್ತು.
ನೋಟ್ಸ್ ಚೀಲದಲ್ಲೇ ವಾಪಸು ಹೋಯಿತು.

ಇವತ್ತು ರಾತ್ರಿ ಹುಳುಮನೆಗೆ ಸದ್ದಿಲ್ಲ.
ದಿನಾ ಈ ಹೊತ್ತಿಗೆ ತಗಡಿನ ಮೇಲೆ ತುಂತುರು ಬಿದ್ದ ಹಾಗೆ
ಸಾವಿರಾರು ಬಾಯಿ ಸೊಪ್ಪು ಮೇಯುತ್ತವೆ,
ಎಸೆಸೆಲ್ಸಿಯಿಂದ ನಾನು ಓದಿದ್ದೆಲ್ಲ ಆ ಮಳೆಯಲ್ಲಿ.
ಈಗ ತಟ್ಟೆ ತಟ್ಟೆಯಲ್ಲೂ
ಹುಳಗಳು ತಲೆ ಎತ್ತಿ ಅಲ್ಲಾಡದೆ ಕೂತಿವೆ,
ಯಾರೋ ಹೆಸರು ಕೂಗಿ ಸುಮ್ಮನಾದ ಹಾಗೆ.
‘ಜ್ವರಕ್ಕೆ ಕೂತವೆ,’ ಅಂದಳು ಅಮ್ಮ
ಸುಣ್ಣದ ಪುಡಿ ಉದುರಿಸುತ್ತ, ‘ನಾಲ್ಕನೇದು.’
ಒಂದೆರಡು ಎಲೆ ಹಾಕಲಾ?
‘ಮುಟ್ಟಬೇಡ. ಈಗ ಸೊಪ್ಪು ಹಾಕಿದರೆ ಕೆಡ್ತವೆ.
ಹಳೇ ಚರ್ಮ ಬಿಡಬೇಕಲ್ಲ,
ಸುಮ್ನೆ ಕೂತಂಗೆ ಕಾಣ್ತವೆ ಅಷ್ಟೆ.’
ಆಮೇಲೆ ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು
ತಟ್ಟೆ ನೋಡುವ ಹಾಗೇ ಒಂದು ಗಳಿಗೆ ನೋಡಿದಳು.
ಪುಸ್ತಕ ಕಿತ್ತುಕೊಳ್ಳಲಿಲ್ಲ, ಬುದ್ಧಿ ಹೇಳಲಿಲ್ಲ,
ನನ್ನ ದೀಪ ಆರಿಸಿ ಹೋದಳು.

ಮೊದಲು ಕದ್ದವಳ ಹಾಗೆ ಮಲಗಿದ್ದೆ.
ಕತ್ತಲಲ್ಲಿ ಸೂತ್ರಗಳು ಬಂದವು, ಬಾಗಿಲಲ್ಲಿ ನಿಂತವು.
ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಅಂದೆ.
ನಿಂತೇ ಇದ್ದವು.
ಯಾವಾಗ ಹೋದವೋ ಗೊತ್ತಿಲ್ಲ.

ಎಚ್ಚರಾದಾಗ ಕಿಟಕಿಗೆ ಒರಗಿಸಿದ ಚಂದ್ರಿಕೆಯ ನೆರಳು
ನನ್ನ ಹೊಟ್ಟೆಯ ಮೇಲೆ ಸುರುಳಿ ಸುತ್ತಿತ್ತು.
ಒಂಬತ್ತೂವರೆ!
ಅಮ್ಮನ ಮೇಲೆ ರೇಗಬೇಕೆಂದು ಬಾಯಿ ತೆರೆದೆ,
ಅಷ್ಟರಲ್ಲಿ ಹಸಿವಾಯಿತು.
ಪರೀಕ್ಷೆ ಹತ್ತಿರಾದಾಗಿನಿಂದ ಮರೆತೇ ಹೋಗಿದ್ದ ಹಸಿವು.
ಬಸ್ಸಾರಿನಲ್ಲಿ ಒಂದು ಮುದ್ದೆ ಮುಗಿಸಿ
ಇನ್ನೊಂದು ಕೇಳಿದೆ.
ಅಮ್ಮ ನನ್ನನ್ನಲ್ಲ, ತಟ್ಟೆಗಳ ಕಡೆ ನೋಡುತ್ತ ಅಂದಳು,
‘ಅವಕ್ಕೂ ಸಂಜೆ ಇದೇ ಗತಿ,
ಎರಡು ಹೊರೆ ಜಾಸ್ತಿ ಕೊಯ್ಯಬೇಕು.’

ಸಂಜೆ ತುಂತುರು ಶುರುವಾಯಿತು.
ಮಸೂರದ ಪುಟ ತೆಗೆದು ಕೂತಿದ್ದೇನೆ,
ಮಡಿಲಲ್ಲಿ ಯಾವುದೋ ಹುಳ ಬಿಟ್ಟ ಚರ್ಮ,
ಊದಿದರೆ ಹಾರುತ್ತದೆ.
ಮುಬೀನಾ ಫೋನು ಮಾಡಿದ್ದಳು,
ನಲವತ್ತೇಳರ ಹತ್ತಿರ ತಪ್ಪಿತಂತೆ.