ಮೌರುಸ್ ಎಂದರೆ

ಮುಳಬಾಗಿಲ ಕಡೆಯ ಊರಲ್ಲಿ ತಾತ ಕರಿಯ.
ಪಟೇಲರ ಹಿತ್ತಿಲ ಗೋಡೆಯಾಚೆಯಿಂದ
'ಏಯ್ ಕರಿಯಾ' ಎಂದರೆ
ಉಣ್ಣುವ ಕೈಯಲ್ಲೇ ಎದ್ದು ಓಡಬೇಕಾದ ಹೆಸರು.

ಚಾಂಪಿಯನ್ ರೀಫಿಗೆ ಬಂದು, ಮಂಡಿಯೂರಿ, ನೀರು ಹಾಕಿಸಿಕೊಂಡು
ಮೌರುಸ್ ಆದ.
ಅರ್ಥ ಕೇಳಲಿಲ್ಲ. ಹಳೆಯದಲ್ಲ, ಅಷ್ಟು ಸಾಕಿತ್ತು.
ಕಂಪನಿ ಗುಮಾಸ್ತ 'ಮೋರಿ' ಎಂದು ಬರೆದುಕೊಂಡಾಗ
ಒಂದು ದಿನದ ಕೂಲಿ ಬಿಟ್ಟು, ನಿಂತು, ತಿದ್ದಿಸಿದ:
"ಮೌ, ಸ್ವಾಮಿ. ಮೌ."

ಮೊನ್ನೆ ಮಗುವಿಗೆ ಹೆಸರು ಹುಡುಕುತ್ತ
ಫಾದರ್ ಇನ್ನಾಸಪ್ಪನವರ ಮುಂದೆ ಕೂತಿದ್ದೆ.
ಆ ಹೆಸರಿನ ಸಂತರು ಹಲವರಮ್ಮ, ಎಂದರು.
ಒಬ್ಬ ಆಫ್ರಿಕದಿಂದ ಬಂದು ರೋಮಿನಲ್ಲಿ ತಲೆ ಕೊಟ್ಟ,
ಒಬ್ಬ ಬಿಷಪ್ಪು,
ಇನ್ನೊಬ್ಬ ಕೆರೆಗೆ ಬಿದ್ದ ಹುಡುಗನನ್ನು ಜುಟ್ಟು ಹಿಡಿದೆಳೆದ.
ಲ್ಯಾಟಿನ್ನಿನಲ್ಲಿ ಮೂರ್ ನಾಡಿನವ ಅಂತ. ಅಂದರೆ
(ಕನ್ನಡಕ ತೆಗೆದು ಒರೆಸಿದರು)
ಕಪ್ಪು ಮನುಷ್ಯ. ಕರಿಯ.

ನಗು ಬಂತು. ಆಮೇಲೆ ಬರಲಿಲ್ಲ.
ಹೊರಗೆ ಸಯನೈಡ್ ದಿಬ್ಬದ ಧೂಳು ಗಾಳಿಗೆದ್ದು
ನನ್ನ ಕೈಮೇಲೆ ಬೆಳ್ಳಗೆ ಕೂತಿತು.
ನೀರು ಹಾಕಿದ ಆ ಪರದೇಶಿ ಪಾದ್ರಿ
ಮುಖ ನೋಡಿ ಇಟ್ಟನೆ, ಕ್ಯಾಲೆಂಡರು ನೋಡಿಯೆ?
ಜನವರಿ ಹದಿನೈದು, ಎನ್ನುತ್ತದೆ ರಿಜಿಸ್ಟರು.
ಸಂತನ ಹಬ್ಬದ ದಿನವೇ. ಆದರೂ.

ಕೆರೆಯ ಸಂತನಿಗೆ ದಡ ಸೇರಿದ ಮೇಲೆ ತಿಳಿಯಿತಂತೆ
ತಾನು ಓಡಿದ್ದು ನೀರ ಮೇಲೆಂದು.
ತಾತನಿಗೆ ಆಗಲೂ ತಿಳಿಯಲಿಲ್ಲ
ಕಾಲಡಿ ಇದ್ದದ್ದು ಯಾವ ಹೆಸರೆಂದು.
ದಾಟಿದ.

ಮಗು ಹಾಲು ಕುಡಿದು ಮಲಗಿದೆ.
ಕಿವಿಯ ಬಳಿ ಮೆಲ್ಲಗೆ ಹೇಳಿ ನೋಡಿದೆ: ಮೌ.