ಬಾಡಿಗೆ ಎಷ್ಟಂತೆ

ಒರೂರೊದಲ್ಲಿ ಕಡಲಿಲ್ಲ.
ದೇಶಕ್ಕೇ ಇಲ್ಲ; ಅಜ್ಜನ ಅಜ್ಜನ ಕಾಲದ ಯುದ್ಧದಲ್ಲಿ ಕಳಕೊಂಡದ್ದು.
ಶಾಲೆಯ ನಕ್ಷೆಯ ಅಂಚಿಗೆ ನೀಲಿ ಬಳಿದು
ಒಮ್ಮೆ ಬೆರಳ ಗೆಣ್ಣಿಗೆ ಏಟು ತಿಂದಿದ್ದೆ.

ಇಂಥ ಊರಲ್ಲಿ ನನಗೊಂದು ಕತೆ ಹೊಳೆಯಿತು:
ಕಡಲು ಬಂದು ಬಾಗಿಲು ತಟ್ಟುತ್ತದೆ,
ಮೂರನೆಯ ಮಹಡಿಯ ಕೋಣೆ ಬಾಡಿಗೆಗೆ ಕೇಳುತ್ತದೆ.

ಹೊಳೆದದ್ದು ಅಷ್ಟೇ.
ತವರದ ಗಣಿಯ ಕಚೇರಿಯಲ್ಲಿ ಹಾಜರಿ ಬರೆಯುವ ಕೈ ನನ್ನದು,
ಬಂದವರ ಮುಂದೆ ಗೀಟು, ಬಾರದವರ ಮುಂದೆ ಸೊನ್ನೆ.
ಅದೇ ಕೈಯಲ್ಲಿ ಮೂರು ಚಳಿಗಾಲ ಬರೆದೆ.

ಮೊದಲ ಸಲ ಕಡಲು ಮೊರೆಯಿತು, ನೊರೆಯಿತು,
ಹಾಳೆಗಟ್ಟಲೆ ಬರೀ ಅಲೆ.
ಎರಡನೆಯ ಸಲ ಅದು ದೇಶದ ದುಃಖವಾಯಿತು;
ಎಲ್ಲರಿಗೂ ಅರ್ಥವಾಯಿತು, ಯಾರ ಕಾಲೂ ಒದ್ದೆಯಾಗಲಿಲ್ಲ.
ಮೂರನೆಯ ಸಲ ಕೊನೆಯ ಸಾಲಿನಲ್ಲಿ
ಎಲ್ಲ ಕನಸು ಅಂದುಬಿಟ್ಟೆ.
ಬರೆದು ನನಗೇ ನಾಚಿಕೆಯಾಯಿತು,
ಕರೆದ ನೆಂಟನನ್ನು ಹಿತ್ತಿಲ ಬಾಗಿಲಿಂದ ಓಡಿಸಿದ ಹಾಗೆ.

ಗುರುವಾರ ಸಂಜೆ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ
ಐದಾರು ಮಂದಿ ಸೇರುತ್ತೇವೆ,
ಬರೆದದ್ದು ಓದಿ, ಕೋಕಾ ಎಲೆಯ ಕಷಾಯ ಕುಡಿದು ಏಳುತ್ತೇವೆ.
ಎಲಿಯೊದೊರೊ ಕೊಲ್ಕೆ, ಲಾರಿ ರಿಪೇರಿಯವನು,
ಏನೂ ಬರೆಯುವುದಿಲ್ಲ; ಹೀಟರ್ ಇದೆಯೆಂದು ಬರುತ್ತಾನೆ.
ಉಗುರ ಸಂದಿಯ ಗ್ರೀಸ್ ಕೆರೆಯುತ್ತ ಅವತ್ತು ಕೇಳಿದ:
"ಬಾಡಿಗೆ ಎಷ್ಟಂತೆ?"

ಯಾರೋ ನಕ್ಕರು. ನಾನು ನಗಲಿಲ್ಲ.
ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದವಳೇ ಅದನ್ನು ಬರೆದೆ:
ತಿಂಗಳಿಗೆ ನಾನೂರು ಬೊಲಿವಿಯಾನೊ, ಎರಡು ತಿಂಗಳ ಮುಂಗಡ,
ನೀರಿನ ಬಿಲ್ಲು...
ಇಲ್ಲಿ ಪೆನ್ನು ನಿಂತಿತು.
ನೀರಿನ ಬಿಲ್ಲು ಯಾರ ತಲೆಗೆ?

ಜಗಳ ಅಲ್ಲಿಂದ ಶುರು.
ಮನೆಯೊಡತಿ ದೋನ್ಯಾ ಸೆನೋಬಿಯಾ, ನಾನು ಕರೆಯದೆಯೇ,
ಸೊಂಟಕ್ಕೆ ಕೈಕೊಟ್ಟು ಮೆಟ್ಟಿಲ ಬುಡದಲ್ಲಿ ನಿಂತಳು.
ಮೆಟ್ಟಿಲ ಮೇಲೆ ಬಿಳಿಯ ಕಲೆ, ಒರೆಸಿದಷ್ಟೂ ಏಳುತ್ತದೆ.
ಕೆಳಮನೆಯ ಸಕ್ಕರೆ ಡಬ್ಬಿ ಉಪ್ಪುಪ್ಪು.
ಬೆಳಗಿನ ಜಾವ ಅದು ಉಕ್ಕುವಾಗ ಬಾಗಿಲು ಉಬ್ಬಿ ಚಿಲಕ ಕೂರುವುದಿಲ್ಲ;
ಇಳಿದಾಗ ಕಾರಿಡಾರಿನಲ್ಲಿ ಒಂದು ಒಂಟಿ ಚಪ್ಪಲಿ,
ಯಾರೂ ನನ್ನದು ಅನ್ನುವುದಿಲ್ಲ.
ಎತ್ತರದ ಊರು, ಹೊಸಬರಿಗೆ ಉಸಿರು ಕಟ್ಟುತ್ತದೆ:
ಕಡಲಿಗೂ ಕಟ್ಟಿತು. ತಲೆನೋವೆಂದು ಮೂರು ದಿನ ಮಲಗಿತು.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ,
ಇದು ಉಪ್ಪೂ ತಾನೇ, ನೀರೂ ತಾನೇ;
ಏನು ಕುಡಿದೀತು, ಪಾಪ?
ಸೆನೋಬಿಯಾ ಬೈಯುತ್ತಲೇ ಕಷಾಯ ಕಾಸಿ ಮೇಲಕ್ಕೊಯ್ದಳು.
ಅವಳಿಗೆ ಮಾತ್ರ ಅದು ಹೇಳಿತಂತೆ, ಯಾಕೆ ಬಂದೆನೆಂದು:
ಯಾರೂ ನನ್ನನ್ನು ನೋಡಲು ಬಾರದ
ಒಂದು ಕೋಣೆ ಬೇಕಿತ್ತು.

ನಿಮಗೆ ಮೊದಲೇ ತಿಳಿದಿದ್ದೀತು, ನನಗೆ ಆಗ ತಿಳಿಯಿತು:
ಸುಳ್ಳು ಒಂದೇ ಹೇಳಬೇಕು, ದೊಡ್ಡದು, ಮೊದಲ ಸಾಲಿನಲ್ಲೇ,
ಕೆಮ್ಮದೆ, ಕ್ಷಮೆ ಕೇಳದೆ.
ಆಮೇಲೆ ಅದರ ಮನೆಯಲ್ಲಿ ನಿಯತ್ತಾಗಿ ದುಡಿಯಬೇಕು
ನೆಲ ಒರೆಸುವ ಬಟ್ಟೆ ಹಿಂಡಿ ಹಿಂಡಿ.

ಎಲ್ಲಕ್ಕೂ ಇದು ನಡೆಯುತ್ತದೆ ಅಂತಲ್ಲ.
ಲೆಕ್ಕ ಬರೆಯುವ ಕೋಳಿಯೊಂದಿದೆ ನನ್ನ ಡ್ರಾಯರಿನಲ್ಲಿ.
ಅದರ ಸಂಬಳ ಗೊತ್ತು, ಮೇಲಧಿಕಾರಿ ಗೊತ್ತು,
ಮಧ್ಯಾಹ್ನ ಏನು ತಿನ್ನುತ್ತದೆಂದೂ ಗೊತ್ತು;
ಆದರೂ ರೆಕ್ಕೆ ಬಡಿಯುತ್ತಿಲ್ಲ.
ತನಗೇನು ಬೇಕೆಂದು ಅದಿನ್ನೂ ಬಾಯಿಬಿಟ್ಟಿಲ್ಲ.

ಜೂನಿನ ಕೊನೆಯ ಗುರುವಾರ ಕಡಲಿನದನ್ನು ಓದಿದೆ.
ಅದು ಮೆಟ್ಟಿಲು ಹೇಗೆ ಹತ್ತಿತೆಂದು ಯಾರೂ ಕೇಳಲಿಲ್ಲ.
ಔಷಧಿ ಅಂಗಡಿಯ ಹುಡುಗಿ ಯೋವಾನಾ
ಕೋಟಿನ ಗುಂಡಿ ಹಾಕಿಕೊಳ್ಳುತ್ತ ಅಂದಳು:
"ಮೇ ತಿಂಗಳದ್ದು ಕೊಟ್ಟಿತಾ ಕೊನೆಗೂ?"
ಎಲಿಯೊದೊರೊ ಮಾತಾಡಲಿಲ್ಲ.
ಹೀಟರಿನ ಹತ್ತಿರ ಇನ್ನಷ್ಟು ಜರುಗಿ
ಬೂಟೆತ್ತಿ ಅಡಿ ನೋಡಿಕೊಂಡ.