ಬಣ್ಣ: ಬಿಳಿ, ಬಾಲಕ್ಕೆ ಕೆಂಪು

ಮತ್ತೆ ಶನಿವಾರ. ಬೆಳಗಿನ ಐದೂವರೆ.
ಒಲೆಯಿಂದ ಕೊನೆಯ ತಟ್ಟೆ ಬ್ರೆಡ್ಡು ಎಳೆದು
ಹಿಟ್ಟಿನ ಕೈಯಲ್ಲೇ ಫೋನೆತ್ತಿ
ನಾಯಾದೆತ್‌ಗೆ ಬರೆಸುತ್ತೇನೆ:
ಪುಯೆರ್ತೊ ಮೊಂತ್‌ನಿಂದ ಮೆಲಿಂಕಾ ದ್ವೀಪಕ್ಕೆ.
ಸೆಸ್ನಾ, ಎರಡು ಸೀಟು,
ನನಗಿಂತ ಆರು ವರ್ಷ ಚಿಕ್ಕದು, ಕೆಮ್ಮು ಮಾತ್ರ ಒಂದೇ.
ಒಳಗಿರುವವರು: ಒಬ್ಬ.
ಇಂಧನ: ಮೂರೂವರೆ ಗಂಟೆಗಾಗುವಷ್ಟು.
ಬಣ್ಣ: ಬಿಳಿ, ಬಾಲಕ್ಕೆ ಕೆಂಪು.

ಯಾಕೆ ಹೋಗುತ್ತೀಯೆಂದು ಆ ಫಾರ್ಮು ಕೇಳುವುದಿಲ್ಲ.
ಕೇಳಿದ್ದರೆ ಬರೆಸುತ್ತಿದ್ದೆ:
ತಂಗಿ ಒದಿಲಿಯಾಳ ಹೊಲಿಗೆ ಯಂತ್ರಕ್ಕೊಂದು ಹಲ್ಲುಚಕ್ರ,
ಹದಿನಾಲ್ಕು ಬ್ರೆಡ್ಡು,
ಮತ್ತೆ, ಅಪ್ಪನ ದೋಣಿ ಮಾರಿದ ದಿನ
ನಾನು ಅವಳಿಗಂದ ಒಂದು ಮಾತು.
ಅದನ್ನು ಫೋನಿನಲ್ಲಿ ನುಂಗಿಕೊಳ್ಳಲು ಬಾರದು,
ಎದುರು ನಿಂತೇ ನುಂಗಬೇಕು.

ಮಾರ್ಚಿನಲ್ಲಿ ಮೋಡ
ಕಾಲ್ಬುಕೊ ಬೆಟ್ಟದ ಮೊಣಕಾಲಿಗಿಳಿದು ಕೂತಿತ್ತು. ರದ್ದು.
ಏಪ್ರಿಲಿನಲ್ಲಿ ಬಲಚಕ್ರದ ಟ್ಯೂಬು. ರದ್ದು.
ಮೇ ಪೂರ್ತಿ ಉತ್ತರದ ಗಾಳಿ.
ಗಾಳಿ ಬಂದಾಗ ತೂರಿಕೋ ಎನ್ನುವುದೆಲ್ಲ
ಕಾಳಿಗೆ ಸರಿ, ರೆಕ್ಕೆಗಲ್ಲ.
ಮೆಕ್ಯಾನಿಕ್ ಅಬೆಲಾರ್ದೊ ಎರಡು ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು
ಆಕಾಶ ನೋಡಿ ತಲೆಯಾಡಿಸುತ್ತಾನೆ, ಪುರೋಹಿತನ ಗಾಂಭೀರ್ಯದಲ್ಲಿ.
ಉಳಿದದ್ದು ಕ್ಲಬ್ಬಿನ ನಾಯಿಗೆ.
ನನ್ನ ರದ್ದುಗಳನ್ನೇ ತಿಂದು ತಿಂದು
ಅದೀಗ ಹ್ಯಾಂಗರಿನ ಬಾಗಿಲಿನಲ್ಲಿ ಹಿಡಿಸದಷ್ಟಾಗಿದೆ.

ಜೂನಿನ ಒಂದು ಶನಿವಾರ —
ಇದನ್ನು ಯಾರಿಗೂ ಹೇಳಿಲ್ಲ —
ಆಕಾಶ ತೊಳೆದಿಟ್ಟ ತಟ್ಟೆ.
ಗಾಳಿಚೀಲ ಕಂಬಕ್ಕೊರಗಿ ನಿದ್ದೆ ಹೋಗಿತ್ತು.
ರನ್‌ವೇ ಒಣಗಿ, ಉದ್ದಕ್ಕೆ, ಕಾಯುತ್ತ ಮಲಗಿತ್ತು.
ಎಂಜಿನ್ನು ಒಂದೇ ಏಟಿಗೆ ಎದ್ದು ಹಾಡಿತು.
ಹಲ್ಲುಚಕ್ರ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.
ಕೀಲಿ ತಿರುವಿ ನಿಲ್ಲಿಸಿದೆ.
ಫೋನು ಮಾಡಿ, ಮ್ಯಾಗ್ನೆಟೊ ಸರಿಯಿಲ್ಲ ಎಂದೆ.
ಮ್ಯಾಗ್ನೆಟೊ ಸರಿಯಿತ್ತು.
ಅತ್ತ ಕಡೆ ನಾಯಾದೆತ್ ಸ್ವಲ್ಪ ಹೊತ್ತು
ಏನೂ ಟೈಪು ಮಾಡಲಿಲ್ಲ.
ಆಮೇಲೆ, ರದ್ದು ಮಾಡಿದೆ, ದೋನ್ ಎವರಿಸ್ತೊ.

ಬಣ್ಣ ಯಾಕೆ ಕೇಳುತ್ತಾರೆ ಗೊತ್ತೇ?
ಪ್ಲಾನು ಕೊಟ್ಟು ಹೊರಟವನು
ಹೇಳಿದ ಹೊತ್ತಿಗೆ ತಲುಪದಿದ್ದರೆ
ಹುಡುಕುತ್ತ ಬರುವವರಿಗೆ
ಕಪ್ಪು ನೀರಿನಲ್ಲಿ ಯಾವ ಬಣ್ಣ ಅರಸಬೇಕೆಂದು
ತಿಳಿದಿರಬೇಕು.
ರದ್ದು ಎಂದರೆ ಇಷ್ಟೇ:
ಯಾರೂ ಹುಡುಕಬೇಡಿ,
ಇಲ್ಲೇ ಇದ್ದೇನೆ, ಹಿಟ್ಟಿನ ಮೂಟೆಯ ಪಕ್ಕ.

ಇವತ್ತು ಅಕ್ಟೋಬರಿನ ಹದಿನೇಳು. ರದ್ದುಗಳ ಲೆಕ್ಕವೂ ಹದಿನೇಳು.
ಏಳಕ್ಕೆ ಸರಿಯಾಗಿ ಗಾಳಿ ಎದ್ದಿತು,
ಅಡ್ಡಗಾಳಿ, ಹಾರುವ ಮಾತೇ ಇಲ್ಲ.
ಫೋನು ಮಾಡಿದೆ. ನಾಯಾದೆತ್ ಅಂದಳು:
ಮೆಲಿಂಕಾದ ರೇಡಿಯೋದವನು ಹೇಳುತ್ತಿದ್ದ.
ಶನಿವಾರ ಶನಿವಾರ ಒಬ್ಬ ಹೆಂಗಸು ಬರುತ್ತಾಳಂತೆ,
ರನ್‌ವೇ ಮೇಲಿನ ಕುರಿಗಳನ್ನು ಕೋಲು ಹಿಡಿದು ಅಟ್ಟಿ
ಬಿಳಿ ವಿಮಾನ ಬರುತ್ತದಾ ಅಂತ ಕೇಳುತ್ತಾಳಂತೆ.
ಇಲ್ಲ ಅಂದರೆ ಬೈದು ಹೋಗುತ್ತಾಳಂತೆ.
ಏನಂತ ಬೈಯುತ್ತಾಳೆ?
ಈ ಫೋನು ರೆಕಾರ್ಡಾಗುತ್ತದೆ, ದೋನ್ ಎವರಿಸ್ತೊ.
ಜೂನಿನಲ್ಲೂ ಬಂದಿದ್ದಳಾ?
ಜೂನಿನಲ್ಲಿ, ಕತ್ತಲಾಗುವವರೆಗೆ.

ತಗಡಿನ ಮಾಡು ಬಡಿದುಕೊಳ್ಳುತ್ತಿತ್ತು.
ರದ್ದು ಮಾಡು, ಎಂದೆ. ಕಾರಣ ಗಾಳಿ ಅಂತ ಬರೆ,
ಈ ಸಲ ನಿಜವಾಗಿ ಗಾಳಿ.
ನನಗೂ ಕಿಟಕಿಯಿದೆ, ಎಂದಳು.

ನಾಯಿಗೆ ಇವತ್ತು ಆರೇ ಬ್ರೆಡ್ಡು.
ಅದು ನನ್ನ ಮುಖ ನೋಡುತ್ತಿದೆ, ಬುಟ್ಟಿ ನೋಡುತ್ತಿದೆ.
ಎಂಟನ್ನು ಬಟ್ಟೆ ಸುತ್ತಿ ಎಡಸೀಟಿನ ಹಿಂದೆ ಇಟ್ಟಿದ್ದೇನೆ.
ಒಂದು ದಿನದ ಬ್ರೆಡ್ಡು ಒದಿಲಿಯಾಗೆ ಸೇರದು,
ಬೈಯುತ್ತಾಳೆ, ಬೈಯಲಿ.
ನಾಳೆ ಭಾನುವಾರ.
ಭಾನುವಾರಕ್ಕೆ ನಾನು ಈವರೆಗೆ
ಪ್ಲಾನೇ ಕೊಟ್ಟಿಲ್ಲ.